ಮದ್ದಿನ ಡೋಸು, ಕೇಪಿನ ಪಾಠ

ನಮ್ಮ ಕಡೆ ‘ಮದ್ದು’ ಅಂದ್ರೆ ಎರಡರ್ಥ. ಜ್ವರ ಬಂದಾಗ ಕುಡಿಯೋದೂ ಮದ್ದೇ, ಕೋವಿಗೆ ತುಂಬೋದೂ ಮದ್ದೇ. ಮಲೆನಾಡಿನ ಕಾಫಿ ತೋಟದ ಮಗ್ಗುಲಲ್ಲಿ ಬೆಳೆದವನು ನಾನು. ಕೇಪಿನ ಕೋವಿ, ತೋಟಾ ಕೋವಿ, ಈಡು ಇವೆಲ್ಲ ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಪದಗಳು, ಕೈಯಲ್ಲಿ ಹಿಡಿದವಲ್ಲ. ಎರಡಕ್ಕೂ ಒಂದೇ ಪದ ಇರೋದು ಎಷ್ಟು ಸರಿ ಅನ್ನಿಸಿದ್ದು ಮಾತ್ರ ಕೊಲರಾಡೊದಲ್ಲಿ, ಪಕ್ಕದ ಮನೆಯವರ ಗ್ಯಾರೇಜಿನಲ್ಲಿ.

ಅವರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ವಯಸ್ಸು ಎಪ್ಪತ್ತು ದಾಟಿದೆ. 1000 ಗಜ ದೂರದ ಗುರಿಗೆ ರೈಫಲ್ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆ ಅವರ ಹುಚ್ಚು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10 ಇಂಚು. ಹಾಗಾಗಿ ಅಂಗಡಿಯ ತೋಟಾ ಅವರಿಗೆ ಆಗಿಬರಲ್ಲ. ಹೊಡೆದ ಹಿತ್ತಾಳೆ ಕೇಸನ್ನೇ ಸರಿಮಾಡಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ತುಂಬಿ, ಮೇಲೆ ಗುಂಡು ಒತ್ತಿ, ತಮ್ಮ ರೈಫಲ್ಲಿಗೆ ಒಗ್ಗುವ ತೋಟಾ ತಾವೇ ಮಾಡಿಕೊಳ್ತಾರೆ. ಇಲ್ಲಿ ಇದಕ್ಕೆ ಹ್ಯಾಂಡ್‌ಲೋಡಿಂಗ್ ಅಂತಾರೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಅಪರಾಧ, ಅದು ನೆನಪಿರಲಿ. ನಾನಂತೂ ವೀಸಾ ಮೇಲೆ ಇರುವವನು, ಬಂದೂಕಿನ ತಂಟೆಗೆ ಹೋಗಿಲ್ಲ. ಭಾನುವಾರ ಅವರ ಲೆಕ್ಕ ಬರೆದು ಸ್ಪ್ರೆಡ್‌ಶೀಟ್ ನೋಡಿಕೊಳ್ಳೋದಷ್ಟೇ ನನ್ನ ಕೆಲಸ.

ಮೊದಲ ದಿನ ನಾನು ಕೇಳಿದ ಪ್ರಶ್ನೆ: “ಯಾವ ಮದ್ದು ಬೆಸ್ಟ್?”

ಮೇಷ್ಟ್ರು ನಕ್ಕರು. “ಯಾವ ಕೇಸಿಗೆ, ಎಷ್ಟು ತೂಕದ ಗುಂಡಿಗೆ ಅಂತ ಹೇಳದೆ ಕೇಳಿದ್ರೆ ಹೇಗೆ?”

ಹೊಗೆಯಿಲ್ಲದ ಮದ್ದು ಹುಟ್ಟಿದ್ದು 1884ರಲ್ಲಿ. ಫ್ರಾನ್ಸಿನ ಪಾಲ್ ವಿಯೆಯ್ ಕಂಡುಹಿಡಿದದ್ದು. ಮೂಲ ವಸ್ತು ನೈಟ್ರೋಸೆಲ್ಯುಲೋಸ್, ಕೆಲವಕ್ಕೆ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತೆ. ಮದ್ದುಗಳ ನಡುವಿನ ಮುಖ್ಯ ವ್ಯತ್ಯಾಸ ಉರಿಯುವ ವೇಗ. ಪಿಸ್ತೂಲಿನ ಮದ್ದು ಭಗ್ ಅಂತ ಉರಿದುಬಿಡುತ್ತೆ. ದೊಡ್ಡ ಕೇಸು, ಭಾರದ ಗುಂಡು ಇರುವ ರೈಫಲ್ಲಿಗೆ ನಿಧಾನಕ್ಕೆ ಒತ್ತಡ ಏರಿಸುವ ಮದ್ದು ಬೇಕು. ಅದಲುಬದಲಾದರೆ ರೈಫಲ್ಲೇ ಸಿಡಿಯಬಹುದು. ಅದಕ್ಕೇ ಅವರ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಉಳಿದವು ಬೀರುವಿನಲ್ಲಿ, ಅವುಗಳದ್ದೇ ಡಬ್ಬಿಯಲ್ಲಿ. ಡಬ್ಬಿ ಬದಲಿಸೋದು ಅಂದ್ರೆ ಅವರ ಪಾಲಿಗೆ ಮಹಾಪಾಪ.

.308 ವಿಂಚೆಸ್ಟರ್ ಕೇಸಿಗೆ ಅವರು ಬಳಸೋದು ವಾರ್‌ಗೆಟ್ ಅನ್ನೋ ಮದ್ದು. ಕಡ್ಡಿ ಚೂರುಗಳ ಹಾಗಿರುತ್ತೆ, ತಯಾರಾಗೋದು ಆಸ್ಟ್ರೇಲಿಯಾದಲ್ಲಿ. ಯಾಕೆ ಇದೇ ಅಂದ್ರೆ ಮೂರು ಕಾರಣ ಕೊಟ್ಟರು. ಒಂದು, ಬೇಸಿಗೆಗೂ ಚಳಿಗೂ ವೇಗ ಹೆಚ್ಚು ಏರುಪೇರಾಗಲ್ಲ. ಕೊಲರಾಡೊ ಹವೆಗೆ ಇದು ಮುಖ್ಯ. ಎರಡು, ಸರಿಯಾದ ಪ್ರಮಾಣ ಹಾಕಿದರೆ ಕೇಸು ಮುಕ್ಕಾಲಿಗಿಂತ ಹೆಚ್ಚು ತುಂಬುತ್ತೆ. ಮೈಮರೆತು ಎರಡು ಸಲ ಹಾಕಿದ್ರೆ ಮೇಜಿನ ಮೇಲೆಲ್ಲ ಚೆಲ್ಲುತ್ತೆ, ಕಣ್ಣಿಗೆ ಬೀಳುತ್ತೆ. ಮೂರು, ಮದ್ದಿನ ಕಂಪನಿ ಮತ್ತು ಗುಂಡಿನ ಕಂಪನಿ ಇಬ್ಬರ ಕೈಪಿಡಿಯಲ್ಲೂ ಅದರ ಲೆಕ್ಕ ಸಿಗುತ್ತೆ. ಪುಸ್ತಕದಲ್ಲಿ ಇಲ್ಲದ ಪ್ರಮಾಣ ಅವರ ಗ್ಯಾರೇಜಿನಲ್ಲೂ ಇಲ್ಲ.

ತೂಕದ ಅಳತೆ ಗ್ರೇನ್. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಹೆಚ್ಚುಕಡಿಮೆ ಅರ್ಧ. ಅದರ ಹತ್ತನೇ ಒಂದು ಭಾಗಕ್ಕೂ ಮೇಷ್ಟ್ರು ತಕ್ಕಡಿ ನೋಡ್ತಾರೆ. ಯಾಕಂದ್ರೆ ಗುಂಡಿನ ವೇಗದಲ್ಲಿ ಸೆಕೆಂಡಿಗೆ 20 ಅಡಿ ವ್ಯತ್ಯಾಸ ಬಂದರೂ 1000 ಗಜದಲ್ಲಿ ಅದು ಹೆಚ್ಚುಕಡಿಮೆ ಒಂದು ಗೇಣು ಮೇಲೆ ಕೆಳಗೆ ಆಗಿಬಿಡುತ್ತೆ.

ಇನ್ನು ಕೇಪು. ಇಲ್ಲಿನವರು ಪ್ರೈಮರ್ ಅಂತಾರೆ. ಕುಂಕುಮದ ಬೊಟ್ಟಿನಷ್ಟು ಲೋಹದ ಬಟ್ಟಲು, ಒಳಗೆ ಪೆಟ್ಟು ಬಿದ್ದರೆ ಕಿಡಿಯಾಗುವ ರಾಸಾಯನಿಕ. ಅಳತೆಯಲ್ಲಿ ದೊಡ್ಡದು, ಚಿಕ್ಕದು. ಬಳಕೆಯಲ್ಲಿ ರೈಫಲ್ಲಿನದು, ಪಿಸ್ತೂಲಿನದು. ದೊಡ್ಡ ರೈಫಲ್ ಕೇಪಿಗೂ ದೊಡ್ಡ ಪಿಸ್ತೂಲ್ ಕೇಪಿಗೂ ಅಗಲ ಒಂದೇ, ಎತ್ತರ ಬೇರೆ, ಬಟ್ಟಲಿನ ದಪ್ಪವೂ ಬೇರೆ. ಇನ್ನು ಮ್ಯಾಗ್ನಮ್ ಅಂತ ಒಂದು ಜಾತಿ. ಅದರ ಕಿಡಿ ಜೋರು. ಮದ್ದು ತುಂಬಾ ಹೆಚ್ಚಿದ್ದಾಗ, ಬೇಗ ಹೊತ್ತಿಕೊಳ್ಳದ ಗುಂಡುಕಾಳಿನಂಥ ಮದ್ದಿಗೆ, ಕಡು ಚಳಿಗೆ ಅದು ಬೇಕಾಗುತ್ತೆ. ಜೋರು ಕಿಡಿ ಅಂದ್ರೆ ಒಳ್ಳೆ ಕಿಡಿ ಅಂತ ನಾನು ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ.

2021. ಕೊರೊನಾ ಕಾಲದ ಕೊಳ್ಳುವ ಭರಾಟೆಯಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕೇಪು ಮಾಯವಾಗಿತ್ತು. ಮೇಷ್ಟ್ರ ಹತ್ತಿರ ಮಾಮೂಲಿ ಕೇಪು ಮುಗಿದೇಹೋಯ್ತು. ಹತ್ತು ದಿನಕ್ಕೆ ಸ್ಪರ್ಧೆ. ಹಿಂದಿನ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದರು. ಮನೆ ಬಿಟ್ಟು ಹೊರಗೆ ಹೋಗೋಕೆ ಅವರಿಗಿದ್ದ ನೆಪ ಅದೊಂದೇ. ನಾನು ಅಂಗಡಿಗಳ ಸ್ಟಾಕ್ ನೋಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ನಾಲ್ಕನೇ ದಿನ ಮೊಬೈಲ್ ಟಿಣ್ ಅಂತು. ಮೇಷ್ಟ್ರು ಒಂದು ಗಂಟೆ ಕಾರು ಓಡಿಸಿ ತಂದರು. ಡಬ್ಬಿ ನೋಡಿದ್ರೆ ದೊಡ್ಡ ರೈಫಲ್ ಕೇಪು, ಆದ್ರೆ ಮ್ಯಾಗ್ನಮ್.

“ಸೈಜ್ ಒಂದೇ ಅಲ್ವಾ? ಕೂರುತ್ತಲ್ಲ? ಮದ್ದು ಅದೇ, ಗುಂಡು ಅದೇ, ಕೇಪೊಂದು ಬದಲಾಯ್ತು ಅಷ್ಟೇ. ಶನಿವಾರ ಹೋಗಿಬಿಡಿ” ಅಂದೆ.

ಅವರು ಮಾತಾಡದೆ ಡ್ರಾಯರಿನಿಂದ ಒಂದು ಹಳೇ ಹಿತ್ತಾಳೆ ಕೇಸು ತೆಗೆದು ನನ್ನ ಅಂಗೈಯಲ್ಲಿಟ್ಟರು. ಬುಡದಲ್ಲಿ ಕೇಪು ಇರಬೇಕಾದ ಜಾಗ ಖಾಲಿ, ಸುತ್ತ ಕಪ್ಪು ಮಸಿ. ಮೂವತ್ತು ವರ್ಷದ ಹಿಂದೆ ಅವರೇ ಮಾಡಿದ ತಪ್ಪು. ಎಚ್ 4350 ಅನ್ನೋ ಮದ್ದಿಗೆ ಕಟ್ಟಿದ್ದ ಗರಿಷ್ಠ ಲೆಕ್ಕಕ್ಕೆ ಐಎಂಆರ್ 4350 ತುಂಬಿದ್ದರಂತೆ. ನಂಬರ್ ಒಂದೇ, ಮದ್ದು ಬೇರೆ. ಸುಡುಬಿಸಿಲು ಬೇರೆ. ಬೋಲ್ಟ್ ಕಚ್ಚಿಕೊಂಡು ಸುತ್ತಿಗೆಯಲ್ಲಿ ಬಡಿದು ತೆರೆಯಬೇಕಾಯ್ತು. “ಕನ್ನಡಕ ಇತ್ತು, ಕಣ್ಣು ಉಳೀತು” ಅಂದರು. “ಈ ತೋಟಾಕ್ಕೆ ಒಳಗಿನ ಒತ್ತಡದ ಮಿತಿ 62,000 ಪಿಎಸ್‌ಐ. ನಿನ್ನ ಕಾರಿನ ಟೈರಿಗೆ ಎಷ್ಟು ಹಾಕಿಸ್ತೀಯ?”

ಮೂವತ್ತೈದು. ನಾನು ಸುಮ್ಮನಾದೆ.

ಆ ಶನಿವಾರ ಮೇಷ್ಟ್ರು ಸ್ಪರ್ಧೆಗೆ ಹೋಗಲಿಲ್ಲ. ಭಾನುವಾರ ಲೆಕ್ಕ ಮೊದಲಿಂದ ಶುರು. ಕೈಪಿಡಿಯ ಗರಿಷ್ಠಕ್ಕಿಂತ ಶೇಕಡ 10 ಕಡಿಮೆಯಿಂದ ಹೊರಟು, ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಈಡಿಗೂ ಕ್ರೋನೋಗ್ರಾಫಿನಲ್ಲಿ ವೇಗ ನೋಡಿ, ಖಾಲಿ ಕೇಸಿನ ಬುಡ ಪರೀಕ್ಷಿಸಿದರು. ಒಂದು ಹಂತದಲ್ಲಿ ಮೂರು ಗುಂಡು ಒಂದೇ ತೂತಿನಲ್ಲಿ ಹೋದ ಹಾಗೆ ಕಂಡಿತು. ನಾನು ಕುಣಿದಾಡಿದೆ. “ಮೂರಕ್ಕೆ ಎಂಥ ಸರಾಸರಿ? ಇಪ್ಪತ್ತು ಹೊಡೆದ ಮೇಲೆ ಹೇಳು” ಅಂದರು. ಇಪ್ಪತ್ತು ಹೊಡೆದಾಗ ಅದು ಸಾಧಾರಣ ಲೋಡು ಅಂತ ಗೊತ್ತಾಯ್ತು.

ಎರಡನೇ ಭಾನುವಾರ, ಹಳೇ ತೂಕ ಮುಟ್ಟೋಕೆ ಇನ್ನೂ ಅರ್ಧ ಗ್ರೇನ್ ಬಾಕಿ ಇತ್ತು. ಬೋಲ್ಟ್ ಎತ್ತುವಾಗ ಅವರ ಕೈ ಒಂದು ಕ್ಷಣ ತಡೀತು. ಕೇಸು ಹೊರಗೆ ಬಂತು. ಕೇಪಿನ ದುಂಡು ಅಂಚು ಚಪಾತಿ ಲಟ್ಟಿಸಿದ ಹಾಗೆ ಚಪ್ಪಟೆಯಾಗಿತ್ತು, ಬುಡದ ಮೇಲೆ ಹೊಳೆಯುವ ಗೀರು. ಒತ್ತಡ ಮಿತಿಮೀರಿದೆ ಅನ್ನೋದಕ್ಕೆ ಇವೇ ಗುರುತು. ಅಲ್ಲಿಗೆ ನಿಲ್ಲಿಸಿದರು. ಅದಕ್ಕಿಂತ ಹೆಚ್ಚು ಮದ್ದು ಹಾಕಿ ಮಾಡಿಟ್ಟಿದ್ದ ತೋಟಾಗಳನ್ನೆಲ್ಲ ಬಿಚ್ಚಿದರು. ನನ್ನ ಮಾತು ಕೇಳಿ ‘ಕೇಪೊಂದು ಬದಲಾಯ್ತು ಅಷ್ಟೇ’ ಅಂತ ಹೋಗಿದ್ದರೆ, ಆ ಶನಿವಾರ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಅರವತ್ತು ಸಲ ಅದೇ ನಡೀತಿತ್ತು. ಆಗ ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು.

ಕೊನೆಗೆ ಸಿಕ್ಕಿದ ಲೋಡು ಹಳೇದಕ್ಕಿಂತ ಒಂದು ಗ್ರೇನಿಗೂ ಹೆಚ್ಚು ಕಡಿಮೆ ಮದ್ದಿನದು. ವೇಗ ತುಸು ಕಮ್ಮಿ, ಆದ್ರೆ ಇಪ್ಪತ್ತು ಗುಂಡೂ ಒಂದೇ ಕಡೆ. ಮುಂದಿನ ತಿಂಗಳ ಸ್ಪರ್ಧೆಗೆ ಮೇಷ್ಟ್ರು ಹೋದರು. ಪದಕ ಬರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಹೆಂಡತಿಯ ಕಥೆ ಹೇಳಿದರು, ಮೊದಲನೇ ಸಲ.

ಅವರು ಮಾಡುವ ಪ್ರತಿ ತೋಟಾ ಡಬ್ಬಿಯ ಮೇಲೂ ಒಂದು ಚೀಟಿ ಇರುತ್ತೆ: ಕೇಸು, ಕೇಪು, ಮದ್ದು, ಅದರ ಲಾಟ್ ನಂಬರ್, ತೂಕ, ತಾರೀಖು. ಈಗ ಅದನ್ನು ಬರೆಯೋದು ನಾನು. ಬರೆದ ಮೇಲೆ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಜೋರಾಗಿ ಓದಬೇಕು. ಶುಕ್ರವಾರ ಸಂಜೆ ಆಫೀಸಿನಲ್ಲಿ ಯಾರಾದ್ರೂ “ಒಂದೇ ಒಂದು ಲೈಬ್ರರಿ ಅಪ್‌ಡೇಟ್, ಅಷ್ಟೇ” ಅಂದ್ರೆ, ನನಗೆ ಆ ಚಪ್ಪಟೆ ಕೇಪು ನೆನಪಾಗುತ್ತೆ. “ಸೋಮವಾರ ನೋಡೋಣ” ಅಂತೀನಿ.

ಮುಂದಿನ ವಾರ ಸಿಗೋಣ.