ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರು

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಯಾರ ಕೈಗೆ ಹೋಗುತ್ತೆ ಅಂತ ನಮಗೆಲ್ಲ ಗೊತ್ತು. ನಂಬಿಕಸ್ತ ಸೋದರಮಾವ ಒಬ್ಬರು ಮೂಲೆಯಲ್ಲಿ ಕೂತು, ಯಾರು ಎಷ್ಟು ಕೊಟ್ಟರು ಅಂತ ಒಂದೂ ಬಿಡದೆ ಬರೀತಾರೆ. ನಾಳೆ ಅವರ ಮನೆ ಮದುವೆಗೆ ನಾವು ಅಷ್ಟಾದರೂ ಹಿಂದಿರುಗಿಸಬೇಕಲ್ಲ! ಕೊಟ್ಟವರು ಮರೆಯೋದಿಲ್ಲ, ತಗೊಂಡವರು ಮರೆಯೋ ಹಾಗಿಲ್ಲ.

ಸೋದರಿಯರೇ, ಈ ಪುಸ್ತಕ ನನಗೆ ಮೊನ್ನೆ ನೆನಪಾದದ್ದು ಔಷಧಿ ಅಂಗಡಿಯಲ್ಲಿ. ಅತ್ತೆಯವರ ಬಿ.ಪಿ. ಮಾತ್ರೆ ತರಲು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಅಣ್ಣಾ, ಐದೇ ಮಾತ್ರೆ ಕತ್ತರಿಸಿ ಕೊಡಿ, ಉಳಿದದ್ದು ಸಂಬಳ ಆದ ಮೇಲೆ" ಅಂದಳು. ಕರುಳು ಚುರುಕ್ ಎಂದಿತು. ನಾವು ಹೀಗೆ ಬಿಡಿಗಾಸು ಎಣಿಸಿ ಮಾತ್ರೆ ಕೊಳ್ಳುವಾಗ, ಅದೇ ಮಾತ್ರೆ ಮಾಡುವ ಕಂಪನಿಗಳು ರಾಜಕೀಯ ಪಕ್ಷಗಳಿಗೆ ಕೋಟಿಗಟ್ಟಲೆ ಮುಯ್ಯಿ ಹಾಕುತ್ತವೆ.

ಇದು ಇಂದು ನಿನ್ನೆಯ ಕಥೆಯಲ್ಲ. ಕಂಪನಿಗಳು ಪಕ್ಷಗಳಿಗೆ ಹಣ ಕೊಡಬಾರದು ಅಂತ 1969ರಲ್ಲಿ ಕಾನೂನೇ ಬಂದಿತ್ತು. 1985ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆದರೆ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 5ರಷ್ಟು ಮಾತ್ರ. 2013ರ ಕಾಯಿದೆಯಲ್ಲಿ ಅದು ಏಳೂವರೆಗೆ ಏರಿತು. 2017ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಯಾವ ಪಕ್ಷಕ್ಕೆ ಕೊಟ್ಟೆವು ಅಂತ ಕಂಪನಿ ತನ್ನ ಲೆಕ್ಕಪತ್ರದಲ್ಲಿ ಹೇಳಬೇಕಾದ ನಿಯಮವೂ ಹೋಯಿತು.

2018ರಲ್ಲಿ ಬಂತು ಚುನಾವಣಾ ಬಾಂಡ್. ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಟ್ಟರಾಯಿತು. ಅದರ ಮೇಲೆ ಕೊಟ್ಟವರ ಹೆಸರಿಲ್ಲ. ಸುಮಾರು 16,500 ಕೋಟಿ ರೂಪಾಯಿಯ ಬಾಂಡು ಹೀಗೆ ಮಾರಾಟವಾಯಿತು. ಕೊಡುವವರಿಗೆ ಗೊತ್ತು, ತಗೊಳ್ಳುವವರಿಗೂ ತಿಳಿಯದೇ ಇರುತ್ತದೆಯೇ? ಗೊತ್ತಿಲ್ಲದವರು ವೋಟು ಹಾಕುವ ನಾವು ಮಾತ್ರ!

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಈ ಬಾಂಡು ಸಂವಿಧಾನಕ್ಕೆ ವಿರುದ್ಧ ಎಂದರು. ಮತದಾರರಿಗೆ ತಿಳಿಯುವ ಹಕ್ಕಿದೆ ಎಂದರು. ಲೆಕ್ಕ ಕೊಡಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿತು. ಕೋರ್ಟು ಒಪ್ಪಲಿಲ್ಲ. ಮಾರ್ಚ್ 14ರಂದು ಚುನಾವಣಾ ಆಯೋಗ ಪಟ್ಟಿ ಹೊರಹಾಕಿತು. ಅದರಲ್ಲಿ ನಮ್ಮ ಔಷಧಿ ಡಬ್ಬಿಯ ಮೇಲಿನ ಎಷ್ಟೋ ಹೆಸರುಗಳಿದ್ದವು: ಟೊರೆಂಟ್ ಫಾರ್ಮಾ 77.5 ಕೋಟಿ, ಸಿಪ್ಲಾ 39.2 ಕೋಟಿ, ಹೀಗೆ.

ಕೊಟ್ಟವರೆಲ್ಲ ಪ್ರತಿಫಲ ಪಡೆದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ಯಾವ ಔಷಧಿಗೆ ಬೆಲೆಯ ಮಿತಿ ಇರಬೇಕು, ಯಾವ ಕಾರ್ಖಾನೆಯ ಮಾತ್ರೆ ಪರೀಕ್ಷೆಯಲ್ಲಿ ಸೋತಿತು, ಇದನ್ನೆಲ್ಲ ನೋಡುವುದು ಸರ್ಕಾರವೇ. ಸಗಟು ಬೆಲೆಯ ಸೂಚ್ಯಂಕ ಏರಿತು ಅಂತ 2022ರ ಏಪ್ರಿಲ್‌ನಿಂದ ಅಗತ್ಯ ಔಷಧಿಗಳ ಬೆಲೆಯನ್ನು ನೂರಕ್ಕೆ ಹತ್ತು ಮುಕ್ಕಾಲರಷ್ಟು ಏರಿಸಲು ಒಪ್ಪಿಗೆ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅದು ನಿಯಮದ ಲೆಕ್ಕ, ಸರಿ. ಆದರೂ ಬೆಲೆ ಕಟ್ಟುವ ಮನೆಗೆ ಮಾರುವವರ ಮನೆಯಿಂದ ಮುಯ್ಯಿ ಹೋದರೆ, ಆ ಪುಸ್ತಕ ಎಲ್ಲರ ಮುಂದೆ ತೆರೆದಿರಬೇಕು ತಾನೆ?

ಬಾಂಡು ಹೋದರೂ ದೇಣಿಗೆ ಹೋಗಿಲ್ಲ. ಚೆಕ್ಕಿನ ಮೂಲಕ, ಚುನಾವಣಾ ಟ್ರಸ್ಟುಗಳ ಮೂಲಕ ಹೋಗುತ್ತಲೇ ಇದೆ. 20,000 ರೂಪಾಯಿ ಮೀರಿದ ದೇಣಿಗೆಯ ಹೆಸರನ್ನು ಪಕ್ಷಗಳು ಆಯೋಗಕ್ಕೆ ಕೊಡಬೇಕು. ಆ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಅದನ್ನು ಬದಿಗಿಟ್ಟು ಬರೀ ಚಿನ್ನದ ದರ ನೋಡಬೇಡಿ. ವೋಟು ಕೇಳಲು ಬಂದವರಿಗೆ ಕುಂಕುಮ ಕೊಟ್ಟು ಕಳಿಸುವ ಮುನ್ನ ಒಂದು ಮಾತು ಕೇಳಿ: "ನಿಮ್ಮ ಪಕ್ಷಕ್ಕೆ ಮುಯ್ಯಿ ಹಾಕಿದವರು ಯಾರಪ್ಪಾ?"

ಐದೇ ಮಾತ್ರೆ ಕೊಂಡ ಆ ತಾಯಿಗೂ ಅದನ್ನು ಕೇಳುವ ಹಕ್ಕಿದೆ.