ಚೀಲ ಇಳಿದರೆ ಸಾಲದು, ಗೇಟೂ ತೆರೆಯಲಿ



ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಿಗೆ 2025ರ ಶೈಕ್ಷಣಿಕ ವರ್ಷದಿಂದ ಶನಿವಾರ ‘ನೋ ಬ್ಯಾಗ್ ಡೇ’. ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಕ್ಕಳ ಬೆನ್ನೂ ವಾರಕ್ಕೊಮ್ಮೆ ಹಗುರಾಯಿತು, ಸಂತೋಷ. ಆದರೆ ಚೀಲವಿಲ್ಲದ ಮಗು ಆ ದಿನ ಎಲ್ಲಿರಬೇಕು? ಇದನ್ನು ಖಚಿತವಾಗಿ ಹೇಳದಿದ್ದರೆ ಅದೇ ಕೊಠಡಿ, ಅದೇ ಬೆಂಚು, ಒಂದು ರಸಪ್ರಶ್ನೆ, ಚಾರ್ಟಿನ ಮೇಲೆ ಹಸಿರು ಬಳಿದ ಮರ, ಇಷ್ಟಕ್ಕೇ ಶನಿವಾರ ಮುಗಿಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಚೀಲವಿಲ್ಲದ 10 ದಿನಗಳನ್ನು ಸೂಚಿಸಿದಾಗ, ಆ ದಿನಗಳನ್ನು ಅವರು ಊರಿನ ಬಡಗಿ, ಕುಂಬಾರ, ತೋಟಗಾರರ ಜೊತೆ ಕಳೆಯಬೇಕೆಂದಿತ್ತು. ಅದಕ್ಕೂ ಮೊದಲು, 1991ರಲ್ಲಿ, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಿ ಎಂದಿತು. ಪರಿಸರ ಪಾಠವಾಯಿತು, ಪಾಠ ಪ್ರಶ್ನೆಪತ್ರಿಕೆಯಾಯಿತು, ಪ್ರಶ್ನೆಪತ್ರಿಕೆಗೆ ಗೈಡು ಬಂತು.

ಗೇಟಿನಾಚೆ ಕಲಿಯಲು ಏನಿದೆ ಎಂದರೆ, ರಾಯದುರ್ಗದ ಮಾತನ್ನೇ ನೋಡಿ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕಿದು. ಇಲ್ಲಿಂದ ಬಸ್ಸು ಹತ್ತಿದರೆ ಕಣೇಕಲ್ಲು, ಅದರಾಚೆ ದರ್ಗಾ ಹೊನ್ನೂರು. ಅಲ್ಲಿ ಹೊಲಗಳ ಮೇಲೆ ಮರಳಿನ ದಿಬ್ಬಗಳು ಕೂತಿವೆ. ಬತ್ತಿದ ಹಗರಿ ನದಿಯ ಪಾತ್ರದಿಂದ ಮುಂಗಾರಿನ ಗಾಳಿ ಮರಳನ್ನು ಎತ್ತಿ ತಂದು ಸುರಿಯುತ್ತದೆ. ಮರುಭೂಮಿ ಎಂದರೆ ರಾಜಸ್ಥಾನ ಎಂದು ಉರು ಹೊಡೆಯುವ ಮಗುವಿಗೆ ಮರುಭೂಮಿ ಹುಟ್ಟುವುದನ್ನೇ ತೋರಿಸಬಹುದು. ಜೂನ್‌ನಲ್ಲಿ ದಿಬ್ಬದ ಅಂಚಿಗೆ ಒಂದು ಗೂಟ ನೆಟ್ಟು, ಆಷಾಢದ ಗಾಳಿ ಇಳಿದ ಮೇಲೆ ಮತ್ತೆ ಹೋಗಿ ಹಗ್ಗ ಹಿಡಿದು ಅಳೆದರೆ ಭೂಗೋಳವೂ ಆಯಿತು, ಲೆಕ್ಕವೂ ಆಯಿತು. ಹಗರಿ ಏಕೆ ಬತ್ತಿತು ಎಂದು ಯಾವನಾದರೂ ಹುಡುಗ ಕೇಳಿದರೆ ಇನ್ನೂ ಒಳ್ಳೆಯದು. ಮೇಲ್ಗಡೆ ಹಿರಿಯೂರಿನ ಬಳಿಯ ಮಾರಿಕಣಿವೆ ಅಣೆಕಟ್ಟು, ಕೆಳಗೆ ಭೈರವಾನಿ ತಿಪ್ಪ ಅಣೆಕಟ್ಟು, ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ, ನದಿಯಿಂದ ಎತ್ತಿದ ಮರಳು, ಎಲ್ಲವೂ ಮಾತಿಗೆ ಬರುತ್ತವೆ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ 89 ವರ್ಷಗಳ ನೆನಪು ಊರಿನ ಹಿರಿಯರ ಬಳಿ ಇದೆ. ಅವರನ್ನು ಶಾಲೆಗೆ ಕರೆಯಲು ಖರ್ಚೂ ಇಲ್ಲ.

ಮಡಕಶಿರಾದ ಕಥೆ ಬೇರೆ. 2022ರಿಂದ ಅದು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಮಕ್ಕಳಿಗೆ ರಾಗಿಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಏಕೆ ಬಿತ್ತುತ್ತಾರೆಂದು ಅಜ್ಜಿಯೇ ಹೇಳಬಲ್ಲಳು. ಅಜ್ಜನ ತೆರೆದ ಬಾವಿ ಎಷ್ಟು ಆಳ, ಅಪ್ಪನ ಬೋರು ಎಷ್ಟು ಅಡಿಗೆ ಹೋಯಿತು ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಬಂದರೆ ಅಂತರ್ಜಲದ ಪಾಠಕ್ಕೆ ಬೇರೆ ಪುಸ್ತಕ ಬೇಡ. ಹೇಮಾವತಿ ಗ್ರಾಮವಂತೂ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಗುಡಿ, ಶಾಸನ ಎರಡೂ ಅಲ್ಲಿವೆ.

ಇದೆಲ್ಲ ಕನಸಿನ ಮಾತು ಎನ್ನುವವರು ಆಂಧ್ರದ ಇತರ ಊರುಗಳನ್ನು ನೋಡಬೇಕು. ಚೆನ್ನೇಕೊತ್ತಪಲ್ಲಿ ಬಳಿ 1990ರಲ್ಲಿ ಶುರುವಾದ ಟಿಂಬಕ್ಟು ಕಲೆಕ್ಟಿವ್ ಹಳ್ಳಿಗರ ಜೊತೆ ಸೇರಿ ಬೋಳುಗುಡ್ಡಗಳನ್ನು ಕಾಯ್ದು ಕಲ್ಪವಲ್ಲಿ ಕಾಡನ್ನು ಮರಳಿ ಬೆಳೆಸಿತು. ‘ಪ್ರಕೃತಿ ಬಡಿ’ ಎಂಬ ಶಾಲೆಯನ್ನೂ ನಡೆಸಿತು. ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಕಟ್ಟಿದ್ದೇ ‘ನಲಿ-ಕಲಿ’ ಕಲಿಕಾ ಪದ್ಧತಿ. ಆಂಧ್ರದ ಬರಡು ನೆಲದ ಪದ್ಧತಿ ಕರ್ನಾಟಕದ ಹಳ್ಳಿಹಳ್ಳಿಗೆ ಹೋಗಬಹುದಾದರೆ ಅದೇ ಆಂಧ್ರದ ಕನ್ನಡ ಶಾಲೆಗೆ ಏಕೆ ಬರಬಾರದು?

ಶಿಕ್ಷಕರ ಅಳುಕೂ ಸುಳ್ಳಲ್ಲ. ಒಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದಾಗ ಹಾವು ಕಚ್ಚಿದರೆ ಹೊಣೆ ಯಾರದು? ಮಾರ್ಚ್ ಕಳೆದರೆ ಇಲ್ಲಿನ ಬಿಸಿಲಿಗೆ ನಾಯಿಯೂ ಹೊರಬೀಳದು. ಹಾಗಾಗಿ ಹೊರಗಿನ ಶನಿವಾರಗಳನ್ನು ಶೇಂಗಾ ಬಿತ್ತನೆಯಿಂದ ಸಂಕ್ರಾಂತಿಯವರೆಗೆ ಮಾತ್ರ ಇಡುವುದು, ಜೊತೆಗೆ ಇಬ್ಬರು ಪೋಷಕರನ್ನು ಕಳುಹಿಸುವುದು, ಹೋಗಿ ಬರುವ ಖರ್ಚನ್ನು ಲಿಖಿತವಾಗಿ ಮಂಜೂರು ಮಾಡುವುದು ಅಧಿಕಾರಿಗಳ ಕೆಲಸ.

ಈ ಹೊಣೆಯಲ್ಲಿ ಗಡಿನಾಡ ಕನ್ನಡಿಗರ ಪಾಲೂ ಇದೆ. ಆಂಧ್ರ ಸರ್ಕಾರದ 2019ರ ಇಂಗ್ಲಿಷ್ ಮಾಧ್ಯಮದ ಆದೇಶ, 2020ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿದ ಹೈಕೋರ್ಟ್ ತೀರ್ಪು ಎರಡರ ಬಗ್ಗೆಯೂ ಸಭೆಗಳಲ್ಲಿ ಬಿಸಿ ಚರ್ಚೆಯಾಗಿದೆ. ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಜಗಳದಲ್ಲಿ ಏನನ್ನು ಕಲಿಸುತ್ತಾರೆ ಎಂದು ಕೇಳುವವರು ವಿರಳ. ಹೊಂಗೆ, ತಂಗಡಿ, ಬಂದರೆ, ಬಳ್ಳಾರಿ ಜಾಲಿಗಳನ್ನು ಎಲೆ ನೋಡಿಯೇ ಗುರುತಿಸುವ ಹುಡುಗಿಗೆ ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಇಲ್ಲ.

ಬುಕ್ಕಪಟ್ನಂನ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್ ಇಬ್ಬರು ಮೂವರು ಕನ್ನಡ ಶಿಕ್ಷಕರನ್ನು ಕೂರಿಸಿಕೊಂಡು, ಮಂಡಲಕ್ಕೊಂದರಂತೆ ಶನಿವಾರದ ಕಿರುಹೊತ್ತಗೆ ಬರೆಸಲಿ: ಯಾವ ಕೆರೆ, ಯಾವ ಗುಡ್ಡ, ಯಾರನ್ನು ಕಾಣಬೇಕು, ಏನು ಅಳೆಯಬೇಕು. ಮೂವತ್ತು ಪುಟ ಸಾಕು. ಅದು ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ಮೇಷ್ಟ್ರ ಕೈ ಸೇರಬೇಕು.

— ಓದುಗ, ಮಡಕಶಿರಾ