ಹದದ ವಿದ್ಯೆ ನಮ್ಮದು, ಡಿಗ್ರಿ ಅವರದು

ನಸುಕಿನ ಬಸ್ಸು ಹತ್ತಿ ಗದಗಿಗೆ ಹೋದವರು ನಾವು. ರೋಣದವರು, ನರಗುಂದದವರು, ಗಜೇಂದ್ರಗಡದವರು. ಮೊಣಕಾಲ ಮೇಲೆ ಇಂಗ್ಲಿಷ್ ಕೆಮಿಸ್ಟ್ರಿ ಪುಸ್ತಕ, ಚೀಲದಲ್ಲಿ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ಒಂದು ಸಾಲನ್ನು ಹತ್ತು ಸಲ ಓದಿ, ಹತ್ತನೇ ಸಲವೂ ತಿಳಿಯದೆ, ಕಿಟಕಿಯಾಚೆ ಎರಿ ಹೊಲ ನೋಡುತ್ತ ಕೂತವರು. ನಮ್ಮ ಅವ್ವ ಅಪ್ಪ ಹೆಬ್ಬೆಟ್ಟಿನವರು. ನಮ್ಮ ಕೇರಿಯೊಳಗೆ ಡಿಗ್ರಿ ಎಂಬ ಕಾಗದ ಮೊದಲು ತಂದವರು ನಾವೇ. ಹಲವರು ಅದನ್ನೂ ತರಲಿಲ್ಲ, ನಡುವೆಯೇ ಇಳಿದರು. ಈ ಪತ್ರಿಕೆಯಲ್ಲಿ ನಾವು ಕವಿತೆ ಬರೆಯುವವರು. ಆದರೆ ಈ ಸಲ ಮಾತು ಕವಿತೆಯದಲ್ಲ, ಬಿ.ಎಸ್ಸಿ. ರಸಾಯನಶಾಸ್ತ್ರದ್ದು. ಯಾಕೆ ಅಂತ ಕೇಳ್ರಿ.

ಒಂದು ದಿನ ಕ್ಲಾಸಿನಲ್ಲಿ ಮೇಷ್ಟ್ರು ಹಲಗೆಯ ತುಂಬ ಟ್ಯಾನಿನ್ ಎಂಬ ವಸ್ತುವಿನ ರಚನೆ ಬರೆದರು. ಆರು ಮೂಲೆಯ ಉಂಗುರ, ಅದಕ್ಕೆ ಜೋತುಬಿದ್ದ ಓಎಚ್‌ಗಳು. ನಮ್ಮೊಳಗೊಬ್ಬ ಎದ್ದು ಕೇಳಿದ: ‘ಸರ್, ತಂಗಡಿ ತೊಗಟಿಯೊಳಗ ಇರೋದು ಇದೇ ಅಲ್ರೀ?’ ಕ್ಲಾಸು ನಕ್ಕಿತು. ಮೇಷ್ಟ್ರು, ‘ಅದೆಲ್ಲ ಸಿಲೆಬಸ್ಸಿನಾಗ ಇಲ್ಲಪಾ, ಕೂತ್ಕೋ’ ಅಂದರು. ಅವನು ಕೂತ. ಆಮೇಲೆ ಮೂರು ವರ್ಷ ಆ ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ರಜೆಗೆ ಊರಿಗೆ ಹೋದಾಗ ಅವನು ಮುತ್ಯಾನಿಗೆ ಇದನ್ನು ಹೇಳಿದ. ಮುತ್ಯಾ ಬೀಡಿ ಆರಿಸಿ ಅಂದ: ‘ಅದನ್ನ ಕಲಿಯಾಕ ಬಸ್ ಚಾರ್ಜ್ ಕೊಟ್ಟು ಹೋದ್ಯಾ ತಮ್ಮಾ? ನನ್ನ ಕೇಳಿದ್ರ ಹಿತ್ತಲದಾಗ ತೋರಸ್ತಿದ್ನಲ್ಲೋ.’

ನಕ್ಕು ಸುಮ್ಮನಾಗಬೇಡಿ. ಆ ಮುದುಕನ ಮಾತಿನಲ್ಲಿ ಇಡೀ ಪ್ರಶ್ನೆ ಇದೆ.

ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆ ಹಾಕಿದರೆ ಕೂದಲು ಯಾಕೆ ಸಡಿಲಾಗುತ್ತದೆ? ಕೂದಲ ಪ್ರೋಟೀನನ್ನು ಬಿಗಿದಿಟ್ಟ ಗಂಧಕದ ಕೊಂಡಿಗಳನ್ನು ಸುಣ್ಣ ಮುರಿಯುತ್ತದೆ. ತಂಗಡಿ ತೊಗಟೆ, ಅಳಲೆಕಾಯಿಯ ರಸ ತುಂಬಿ ಹೊಲಿದ ತೊಗಲಿನ ಚೀಲವನ್ನು ತೂಗು ಹಾಕಿದರೆ ಅದು ಯಾಕೆ ಕೊಳೆಯುವುದಿಲ್ಲ? ತೊಗಲಿನ ಎಳೆಗಳನ್ನು ಟ್ಯಾನಿನ್ ಹಿಡಿದು ಕಟ್ಟುತ್ತದೆ. ಎಳೆ ಬಾಳೆಕಾಯಿ ಕಚ್ಚಿದರೆ ನಾಲಗೆ ಬಿಗಿಯಾಗುವುದೂ ಅದರಿಂದಲೇ; ಬಾಯಿಯ ಜೊಲ್ಲಿನೊಳಗಿನ ಪ್ರೋಟೀನಿಗೆ ಅದೇ ಟ್ಯಾನಿನ್ ಅಂಟಿಕೊಳ್ಳುತ್ತದೆ. ನಮ್ಮವರು ಇದಕ್ಕೆ ಒಗರು ಅಂದರು. ತೊಗಲಿಗೆ ಒಗರು ಕುಡಿಸುವ ಕೆಲಸಕ್ಕೆ ಹದ ಮಾಡೋದು ಅಂದರು. ಎಷ್ಟು ದಿನ, ಎಷ್ಟು ಸುಣ್ಣ, ಯಾವಾಗ ತೆಗೀಬೇಕು — ಎಲ್ಲ ಬೆರಳ ತುದಿಯಲ್ಲಿತ್ತು. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು?

ಇಂಗ್ಲೆಂಡಿನಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ 1803ರಲ್ಲಿ ಇದೇ ತೊಗಲ ಹದದ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ. ಅವನು ಪರೀಕ್ಷೆ ಮಾಡಿದ ಒಗರು ವಸ್ತುಗಳಲ್ಲಿ ಮುಂಬಯಿ ಮತ್ತು ಬಂಗಾಳದಿಂದ ಹೋದ ಕಾಚೂ ಇತ್ತು. ಎಲಿ ಅಡಿಕಿ ಜೋಡಿ ನಾವು ತಿನ್ನುವ ಅದೇ ಕಾಚು. ಅಲ್ಲಿ ತೊಗಲನ್ನು ಮುಟ್ಟಿದವನಿಗೆ ವಿದ್ವಾಂಸರ ಸಭೆಯಲ್ಲಿ ಕುರ್ಚಿ. ಇಲ್ಲಿ ತೊಗಲನ್ನು ಮುಟ್ಟಿದವನಿಗೆ ಊರ ಹೊರಗೆ ಗುಡಿಸಲು. ಅದೇ ಡೇವಿಯ ಪ್ರಯೋಗಾಲಯಕ್ಕೆ 1813ರಲ್ಲಿ ಒಬ್ಬ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಹುಡುಗ, ಸಹಾಯಕನಾಗಿ ಸೇರಿದ. ಡೇವಿಯ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡಳು. ಅಲ್ಲೇನು ಸಮಾನತೆಯ ಸ್ವರ್ಗ ಇರಲಿಲ್ಲ. ಆದರೂ ಬಾಗಿಲು ಒಂದು ಗೇಣು ತೆರೆದಿತ್ತು. 1825ರಲ್ಲಿ ಆ ಹುಡುಗನೇ ಬೆಂಜೀನನ್ನು ಕಂಡುಹಿಡಿದ. ಅವನ ಹೆಸರು ಮೈಕೆಲ್ ಫ್ಯಾರಡೆ. ಬಿ.ಎಸ್ಸಿ.ಯಲ್ಲಿ ನಾವು ಬಾಯಿಪಾಠ ಮಾಡುವ ಆರು ಮೂಲೆಯ ಉಂಗುರದ ಬೆಂಜೀನು ಒಬ್ಬ ಕಮ್ಮಾರನ ಮಗ ಕಂಡುಹಿಡಿದದ್ದು. ನಮ್ಮಲ್ಲಿ ಎಷ್ಟು ಕಮ್ಮಾರರ ಮಕ್ಕಳು, ಎಷ್ಟು ಮಾದಿಗರ ಮಕ್ಕಳು ಆ ಗೇಣು ಬಾಗಿಲಿನ ಹೊರಗೇ ನಿಂತು ಮುದುಕರಾದರು? ಲೆಕ್ಕ ಇಟ್ಟವರು ಯಾರು?

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಒಂದು ಸಲ ಆ ಬಾಗಿಲು ತೆರೆದಿತ್ತು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಸವಳು ಮಣ್ಣಿನಿಂದ ಅರಿವೆ ಒಗೆಯುವ ಮಡಿವಾಳ ಮಾಚಯ್ಯ, ಕೆರ ಹೊಲಿಯುವ ಹರಳಯ್ಯ — ಕಾಯಕದ ಕೈಗಳು ವಿದ್ವಾಂಸರ ಸರಿಸಮಕ್ಕೆ ಕೂತವು. ಆ ಬಾಗಿಲನ್ನು ರಕ್ತ ಹರಿಸಿ ಮುಚ್ಚಲಾಯಿತು. ಇವತ್ತು ಅದೇ ಶರಣರ ಫೋಟೋಕ್ಕೆ ಕಾಲೇಜುಗಳಲ್ಲಿ ಹಾರ. ಫೋಟೋದ ಕೆಳಗೆ ಪ್ರಾಕ್ಟಿಕಲ್ ಮಾರ್ಕು ಹಾಕುವಾಗ ಅಡ್ಡಹೆಸರು ನೋಡುವ ಕಣ್ಣು!

‘ವಿಜ್ಞಾನಕ್ಕೆ ಜಾತಿ ಇಲ್ಲ, ಇಲ್ಲೂ ಯಾಕೆ ಜಾತಿ ತರ್ತೀರಿ’ ಎಂದು ಕೇಳುವ ದೊಡ್ಡವರಿದ್ದಾರೆ. ಸ್ವಾಮಿ, ತಂದವರು ನಾವಲ್ಲ. ಇದನ್ನು ನಮ್ಮ ಮಾತಿನಿಂದ ನಂಬಬೇಡಿ. ಭಾರತದ ಆಧುನಿಕ ರಸಾಯನಶಾಸ್ತ್ರದ ಹಿರಿಯ ಪ್ರಫುಲ್ಲಚಂದ್ರ ರಾಯ್ ಮಾತಿನಿಂದ ನಂಬಿ. 1902ರಲ್ಲಿ ಮೊದಲ ಸಂಪುಟ ಹೊರಬಂದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ, ಈ ನೆಲದಲ್ಲಿ ವಿಜ್ಞಾನ ಯಾಕೆ ಒಣಗಿತು ಎಂದು ಅವರು ಕೇಳಿದರು. ಜಾತಿ ಬಿಗಿಯಾದ ಮೇಲೆ ಕೈಕೆಲಸ ಕೆಳಗಿನವರ ಪಾಲಾಯಿತು, ಯೋಚಿಸುವವರು ವಸ್ತುಗಳನ್ನು ಮುಟ್ಟುವುದು ಬಿಟ್ಟರು, ಯಾಕೆ ಹೇಗೆ ಎಂದು ಕೇಳುವ ಬುದ್ಧಿಯೇ ಸತ್ತಿತು — ಇದು ಅವರು ಕಂಡ ಕಾರಣಗಳಲ್ಲಿ ಮುಖ್ಯವಾದದ್ದು. ತಲೆಗೂ ಕೈಗೂ ನಡುವೆ ಗೋಡೆ ಕಟ್ಟಿದರೆ ಎರಡೂ ಕುರುಡಾಗುತ್ತವೆ. ರಾಯ್ ಅವರ ಹೆಸರು ಹೇಳಿ ಪ್ರಬಂಧ ಸ್ಪರ್ಧೆ ನಡೆಸುವವರು ಈ ಪುಟ ಯಾಕೆ ಓದಿಸುವುದಿಲ್ಲ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲ ತುಂಬಿದ 108 ಗಡಿಗೆಗಳನ್ನು ಕೆರೆಗೆ ಅದ್ದಿ ನೀರನ್ನು ‘ಶುದ್ಧ’ ಮಾಡಿದರು. ನೀರಿನಲ್ಲಿ ಸೀಸ ಇದೆಯೋ ಇಲ್ಲವೋ ತೋರಿಸಲು ಕಾರಕ ಇದೆ. ಕ್ಲೋರೈಡ್ ತೋರಿಸಲು ಕಾರಕ ಇದೆ. ಹೊಲೆಯ ಮುಟ್ಟಿದ್ದನ್ನು ತೋರಿಸುವ ಕಾರಕ ಯಾವುದು? ಯಾವ ಬಾಟಲಿಯಲ್ಲಿದೆ? ಈ ಒಂದು ಪ್ರಶ್ನೆಯನ್ನು ಬಿ.ಎಸ್ಸಿ. ಮೊದಲ ದಿನ ಹಲಗೆಯ ಮೇಲೆ ಬರೆದಿದ್ದರೆ, ಎಂ.ಎಸ್ಸಿ. ಮುಗಿಸಿ ಬಂದು ತನ್ನ ಮನೆಯಲ್ಲಿ ನಮಗೆ ಬೇರೆ ಲೋಟ ಇಡುವ ಪಂಡಿತರು ಹುಟ್ಟುತ್ತಿರಲಿಲ್ಲ.

ಇನ್ನೊಂದು ಅನಿಲದ ಮಾತು. ಹೈಡ್ರೋಜನ್ ಸಲ್ಫೈಡ್. ಲವಣ ವಿಶ್ಲೇಷಣೆಯಲ್ಲಿ ಎರಡನೇ ಗುಂಪಿನ ಲೋಹಗಳನ್ನು ಹಿಡಿಯಲು ಬಿಡುವ ಅನಿಲ. ಸೀಸ ಇದ್ದರೆ ಕಪ್ಪು, ಕ್ಯಾಡ್ಮಿಯಂ ಇದ್ದರೆ ಹಳದಿ. ಕೊಳೆತ ತತ್ತಿಯ ವಾಸನೆ. ಹೆಚ್ಚಾದರೆ ಮೊದಲು ಮೂಗನ್ನು ಕೊಲ್ಲುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ, ಆಮೇಲೆ ಉಸಿರನ್ನು. ಅದಕ್ಕೇ ಪ್ರಯೋಗಾಲಯದಲ್ಲಿ ಅದಕ್ಕೆ ಬೇರೆ ಗೂಡು, ಹೊಗೆ ಎಳೆಯುವ ಫ್ಯಾನು. ಮ್ಯಾನ್‌ಹೋಲಿನೊಳಗೆ ಇಳಿಯುವ ನಮ್ಮ ಕಾಕಾನಿಗೆ ಯಾವ ಗೂಡು? ಯಾವ ಫ್ಯಾನು? 1993ರಲ್ಲಿ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಗುಂಡಿಯೊಳಗೆ ಸತ್ತವರಿಗೆ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. ಹೆಣದ ಬೆಲೆ ಏರಿತು, ಹೆಣ ಬೀಳುವುದು ನಿಲ್ಲಲಿಲ್ಲ. ಒಂದೇ ಅನಿಲ. ಲ್ಯಾಬಿನಲ್ಲಿ ಅದು ಹತ್ತು ಮಾರ್ಕು, ಗುಂಡಿಯಲ್ಲಿ ಅದು ಸಾವು. ಈ ಎರಡನ್ನೂ ಒಂದೇ ಪಾಠದಲ್ಲಿ ಹೇಳದ ಕೆಮಿಸ್ಟ್ರಿಯನ್ನು ನಾವು ಅರ್ಧ ಕೆಮಿಸ್ಟ್ರಿ ಅಂತೀವಿ.

ಈಗ ಭಾಷೆಯ ಮಾತು. ಹತ್ತನೇ ಇಯತ್ತೆವರೆಗೆ ಕನ್ನಡ. ಪಿ.ಯು.ಸಿ. ಸೈನ್ಸಿಗೆ ಕಾಲಿಟ್ಟ ದಿನವೇ ನೆಲ ಕುಸಿಯುತ್ತದೆ, ಎಲ್ಲ ಇಂಗ್ಲಿಷ್. ಪ್ರಶ್ನೆ ತಿಳಿಯದೆ ಫೇಲಾದವನನ್ನು ಉತ್ತರ ಗೊತ್ತಿಲ್ಲದವ ಅನ್ನುತ್ತಾರೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಕುವೆಂಪು ಕುಲಪತಿಯಾಗಿದ್ದಾಗ ವಿಶ್ವವಿದ್ಯಾಲಯದ ಪಾಠ ಕನ್ನಡದಲ್ಲಿ ಆಗಬೇಕು, ಆಗುತ್ತದೆ ಅಂದರು. ನೂರು ವರ್ಷ ದಾಟಿತು. ಇಂದಿಗೂ ಕನ್ನಡದಲ್ಲಿ ಬಿ.ಎಸ್ಸಿ. ಅಂದರೆ ನಗುತ್ತಾರೆ.

ಹಾಗಂತ ಕನ್ನಡ ಬಂದರೆ ಸಾಕು ಎಂಬ ಭ್ರಮೆ ನಮಗಿಲ್ಲ. ಯಾವ ಕನ್ನಡ? ಉತ್ಕರ್ಷಣ, ಅಪಕರ್ಷಣ, ಪ್ರತ್ಯಾಮ್ಲ — ಇದು ಯಾರ ಮನೆಯ ಕನ್ನಡ? ಒಂದು ಗೋಡೆ ಇಂಗ್ಲಿಷಿನದು, ಅದರ ಹಿಂದೆ ಇನ್ನೊಂದು ಗೋಡೆ ಸಂಸ್ಕೃತದ್ದು. ನಮ್ಮ ಅವ್ವನ ಬಾಯಲ್ಲಿ ಹುಳಿ ಇದೆ, ಸವಳು ಇದೆ, ಒಗರು ಇದೆ, ಹದ ಇದೆ, ಜಂಗು ಇದೆ, ಸುಣ್ಣದ ತಿಳಿ ಇದೆ. ಕಬ್ಬಿಣಕ್ಕೆ ಜಂಗು ಹಿಡಿಯೋದೇ ಉತ್ಕರ್ಷಣ ಎಂದು ಮೊದಲ ದಿನ ಒಬ್ಬರು ಹೇಳಿದ್ದರೆ ಸಾಕಿತ್ತು.

ಸರಕಾರದ ಕಥೆ ಇನ್ನೂ ಚಂದ. 2021ರಲ್ಲಿ ಹೊಸ ಶಿಕ್ಷಣ ನೀತಿ ತಂದ ಮೊದಲ ರಾಜ್ಯ ನಮ್ಮದು ಎಂದು ಬೀಗಿ ನಾಲ್ಕು ವರ್ಷದ ಡಿಗ್ರಿ ತಂದರು. ಆಮೇಲೆ ಬಂದವರು 2024ರಲ್ಲಿ ಅದನ್ನು ತೆಗೆದು ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ನಾಲ್ಕನೇ ವರ್ಷ ಬಸ್ ಚಾರ್ಜಿಗೆ, ರೂಮಿನ ಬಾಡಿಗೆಗೆ ದುಡ್ಡು ಎಲ್ಲಿಂದ ತರೋದು ಎಂಬ ನಮ್ಮ ಅವ್ವಂದಿರ ಪ್ರಶ್ನೆ ಯಾವ ಸಮಿತಿಗೂ ಮೊದಲು ಕೇಳಿಸಲಿಲ್ಲ. ಸಿಲೆಬಸ್ಸು ಬದಲಾಯಿತು, ಮತ್ತೆ ಬದಲಾಯಿತು. ಸರಕಾರಿ ಕಾಲೇಜುಗಳಲ್ಲಿ ಪಾಠ ಮಾಡುವವರು ಸಾವಿರಾರು ಅತಿಥಿ ಉಪನ್ಯಾಸಕರು; ಕಾಯಂ ಮಾಡಿರಿ ಎಂದು ಅವರು 2023ರ ಕೊನೆಗೆ ಬೀದಿಗೆ ಇಳಿಯಬೇಕಾಯಿತು. ನಾವು ಕಲಿತ ಲ್ಯಾಬಿನಲ್ಲಿ ನಾಲ್ವರಿಗೆ ಒಂದು ಬ್ಯುರೆಟ್ಟು. ಒಡೆದರೆ ದಂಡ. ದಂಡಕ್ಕೆ ಹೆದರಿ ಸಾಮಾನು ಮುಟ್ಟದೆ ದೂರ ನಿಂತವರು ನಾವು. ನೋಡಿ, ಹಳೆಯ ರೂಢಿ ಹೇಗೆ ಹೊಸ ಅಂಗಿ ತೊಡುತ್ತದೆ! ನಮ್ಮ ಕೈಗೆ ಪ್ರಯೋಗ ಮಾಡಲು ಸಾಮಾನು ಕೊಡಲಿಲ್ಲ, ನಮ್ಮ ಮೇಲೇ ಪ್ರಯೋಗ ಮಾಡಿದರು.

ಇದೆಲ್ಲ ಬರೀ ನೌಕರಿಯ ಮಾತಲ್ಲ. ನಮ್ಮ ಗದಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಸರಕಾರದ ಅಳತೆ. ದಾಟಿದಲ್ಲಿ ಮಕ್ಕಳ ಹಲ್ಲಿಗೆ ಕಂದು ಪಟ್ಟಿ, ದೊಡ್ಡವರ ಮೊಣಕಾಲಿಗೆ ಬಿಗುವು. ದುಡ್ಡಿದ್ದವರು ಕ್ಯಾನಿನ ನೀರು ತರಿಸುತ್ತಾರೆ, ಕೇರಿಯವರು ಬೋರಿನದು ಕುಡಿಯುತ್ತಾರೆ. ಪಟಿಕ ಮತ್ತು ಸುಣ್ಣ ಕಲಸಿ ಫ್ಲೋರೈಡ್ ಇಳಿಸುವ ನಲಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ರೂಪಿಸಿತು. ಬಿ.ಎಸ್ಸಿ.ಯಲ್ಲಿ ನಾವು ಇಡಿಟಿಎ ಹಾಕಿ ನೀರಿನ ಗಡಸುತನ ಅಳೆದೆವು. ಯಾವ ನೀರು? ಲ್ಯಾಬಿನವರು ಉಪ್ಪು ಕಲಸಿ ಕೊಟ್ಟ ನೀರು. ‘ನಮ್ಮೂರ ಬೋರಿನ ನೀರು ಒಂದು ಬಾಟ್ಲಿ ತರ್ತೀವ್ರಿ’ ಅಂದೆವು. ಬೇಡ ಅಂದರು.

ನರಗುಂದದ ಹೊಲ ನೋಡಿ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ಕಾಲುವೆಗೆ ಬಂದಳು. ಬಸಿಗಾಲುವೆ ಇಲ್ಲದ ಎರಿ ಮಣ್ಣಿನಲ್ಲಿ ನೀರು ನಿಂತಿತು. ನಿಂತ ನೀರು ಬಿಸಿಲಿಗೆ ಆರಿ ಉಪ್ಪನ್ನು ಮೇಲೆ ಬಿಟ್ಟಿತು. ಹೊಲ ಸವಳು-ಜವಳಾಯಿತು. ಸೋಡಿಯಂ ಹಿಡಿದ ಎರಿ ಮಣ್ಣು ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಅದಕ್ಕೆ ಜಿಪ್ಸಂ ಕೊಟ್ಟು, ನೀರು ಬಸಿದು ಹೊರಗೆ ಹಾಕಬೇಕು. ಇದೂ ಕೆಮಿಸ್ಟ್ರಿ. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದಾಗ 1980ರ ಜುಲೈ 21ರಂದು ನರಗುಂದ ಸಿಡಿದೆದ್ದಿತು, ಗೋಲಿಬಾರಿನಲ್ಲಿ ರೈತ ಸತ್ತ. ಆ ಹುತಾತ್ಮನಿಗೆ ನಮ್ಮ ನಮಸ್ಕಾರ. ಆದರೆ ಸವಳಾದ ಹೊಲದಲ್ಲಿ ಕೂಲಿಯೂ ಸಾಯುತ್ತದೆ. ಹೊಲವಿಲ್ಲದ ಕೂಲಿಯವನ ನಷ್ಟ ಯಾವ ಪಹಣಿಯಲ್ಲಿ ಬರೆದಿದೆ?

ಇನ್ನು ನಮ್ಮವರಿಗೇ ಒಂದು ಮಾತು, ಸಿಟ್ಟಾಗಬೇಡಿ. ನಮ್ಮಲ್ಲಿ ಸೈನ್ಸು ಬಿಟ್ಟು ಓಡಿ ಬಂದ ಹುಡುಗರೆಲ್ಲ ಬಿ.ಎ. ಸೇರಿ ಕವಿಗಳಾಗಿದ್ದೇವೆ. ಕವಿತೆ ಬೇಕು. ಆದರೆ ನಾವೆಲ್ಲ ಕವಿಗಳೇ ಆದರೆ ಕೇರಿಯ ನೀರು ಪರೀಕ್ಷೆ ಮಾಡುವವರು ಯಾರು? ಸೋಲನ್ನು ಬಂಡಾಯ ಎಂದು ಕರೆದುಕೊಂಡು ಲ್ಯಾಬಿನ ಕೀಲಿ ಅವರ ಕೈಗೇ ಕೊಟ್ಟು ಬಂದೆವಲ್ಲ? ಇನ್ನೂ ಒಂದು: ಮುತ್ಯಾನ ವಿದ್ಯೆ ದೊಡ್ಡದು ಅಂದಾಕ್ಷಣ ಮತ್ತೆ ತೊಗಲ ಗುಂಡಿಗೆ ಇಳಿಯಿರಿ ಎಂದು ಯಾರೂ ನಮಗೆ ಉಪದೇಶ ಮಾಡಬೇಕಾಗಿಲ್ಲ. ಆ ಕೆಲಸ ಅವನು ಆರಿಸಿಕೊಂಡದ್ದಲ್ಲ, ಹೇರಿದ್ದು. ಅವನ ಜ್ಞಾನ ನಮಗೆ ಬೇಕು, ಅವನ ಮೇಲಿನ ಹೇರಿಕೆ ಬೇಡ.

ಅದಕ್ಕಾಗಿ 1949ರಲ್ಲಿ ಹುಟ್ಟಿ ನಮ್ಮ ಜಿಲ್ಲೆಯ ಡಿಗ್ರಿಗಳಿಗೆ ಮುದ್ರೆ ಒತ್ತುತ್ತಿರುವ ಕರ್ನಾಟಕ ವಿಶ್ವವಿದ್ಯಾಲಯದ ಮುಂದೆ, ಸರಕಾರದ ಮುಂದೆ ನಮ್ಮ ಹಕ್ಕೊತ್ತಾಯ ಇಷ್ಟು:

1. ಬಿ.ಎಸ್ಸಿ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರಲಿ, ಉತ್ತರ ಕನ್ನಡದಲ್ಲೂ ಬರೆಯಲು ಬಿಡಿ. ಸೂತ್ರ, ಸಮೀಕರಣ ಜಗತ್ತಿಗೆಲ್ಲ ಒಂದೇ, ಅವು ಹಾಗೇ ಇರಲಿ.

2. ಪಾರಿಭಾಷಿಕ ಪದ ಕಟ್ಟುವಾಗ ಪಂಡಿತರ ಜೊತೆ ಹದ ಮಾಡುವವರನ್ನೂ, ಬಣ್ಣ ಕಟ್ಟುವವರನ್ನೂ, ಅರಿವೆ ಒಗೆಯುವವರನ್ನೂ ಕೂಡಿಸಿ ಕೇಳಿ.

3. ಪ್ರಾಕ್ಟಿಕಲ್ ಪರೀಕ್ಷೆಗೆ ಹೆಸರು, ಅಡ್ಡಹೆಸರು ಬೇಡ, ನಂಬರು ಸಾಕು. ಗಾಜು ಒಡೆದದ್ದಕ್ಕೆ ಬಡ ಹುಡುಗರಿಂದ ದಂಡ ಬೇಡ.

4. ಪ್ರತಿ ಕಾಲೇಜಿನ ಲ್ಯಾಬು ಸುತ್ತಲಿನ ಹಳ್ಳಿಗಳ ನೀರು, ಮಣ್ಣು ಪರೀಕ್ಷಿಸಲಿ. ಫಲಿತಾಂಶ ಕೇರಿಯ ನಲ್ಲಿಯ ಹತ್ತಿರ ಕನ್ನಡದಲ್ಲಿ ಬರೆದು ಹಚ್ಚಲಿ.

5. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷು, ಗಣಿತದ ಬೇರೆ ಪಾಠ ನಡೆಯಲಿ. ಪಾಠ ಮಾಡುವವರನ್ನು ಕಾಯಂ ಮಾಡಿ.

ಕೊಟ್ಟರೆ ಸರಿ. ಕೊಡುವವರೆಗೆ ನಾವು ಕೈಕಟ್ಟಿ ಕೂಡುವುದಿಲ್ಲ. ಹಳ್ಳಿಯ ಶಾಲೆಯ ಮಾಸ್ತರರೇ, ನಿಮ್ಮ ಕಪಾಟಿನಲ್ಲಿ ಬೀಗ ಹಾಕಿಟ್ಟ ಲಿಟ್ಮಸ್ ಕಾಗದ, ಪ್ರನಾಳ ಹೊರಗೆ ತೆಗೆಯಿರಿ. ಒಡೆದರೆ ಒಡೆಯಲಿ. ಕೇರಿಯ ಹುಡುಗಿಯ ಕೈಗೆ ಮೊದಲು ಕೊಡಿ. ರಜೆಗೆ ಊರಿಗೆ ಹೋಗುವ ಗೆಳೆಯರೇ, ಒಂದು ಬಾಟ್ಲಿಯನ್ನು ಬೋರಿನ ನೀರಿನಲ್ಲೇ ಮೂರು ಸಲ ಗಲಬರಿಸಿ ತೊಳೆದು, ತುಂಬಿ, ಊರು, ಓಣಿ, ತಾರೀಖು ಬರೆದು ತನ್ನಿ. ನಿಮ್ಮ ಕಾಲೇಜಿನ ಲ್ಯಾಬಿನ ಮೇಜಿನ ಮೇಲೆ ಇಡಿ. ಸಿಲೆಬಸ್ಸಿನಾಗ ಇಲ್ಲ ಅಂದರೆ, ಈ ನೀರು ಕುಡಿದವರ ಮಕ್ಕಳು ನಾವು, ಇದನ್ನು ಸಿಲೆಬಸ್ಸಿನೊಳಗ ತರ್ರಿ ಎಂದು ಹೇಳಿ. ಹೇಳಿ ಅಲ್ಲೇ ನಿಲ್ಲಿರಿ. ಈ ಸಲ ಕೂಡಬೇಡಿ.